ಕಡೀಕ ಎಷ್ಟು ಕೋರಾ ಹಾಳಿ? ಧಾರವಾಡದ ಒಂದು ಬೈಂಡಿಂಗ್ ಅಂಗಡಿ ಮತ್ತು ನನ್ನ ಮುಗಿಯದ ಹಸ್ತಪ್ರತಿಗಳು

ಧಾರವಾಡದ ಸುಭಾಸ ರಸ್ತೆಯಿಂದ ಒಳಕ್ಕೆ ಸರಿಯುವ ಓಣಿಗಳಲ್ಲೊಂದರಲ್ಲಿ, ಹಳೆಯ ಮನೆಯ ಪಡಸಾಲೆಯನ್ನೇ ಅಂಗಡಿ ಮಾಡಿಕೊಂಡು ನಲವತ್ತು ವರ್ಷಗಳಿಂದ ಪುಸ್ತಕ ಕಟ್ಟುತ್ತಿರುವ ಹಿರಿಯರೊಬ್ಬರಿದ್ದಾರೆ. ಕಳೆದ ಮಳೆಗಾಲದಲ್ಲಿ ನಾನು ಅವರ ಬಳಿಗೆ ಏಳು ಕಟ್ಟು ಹಸ್ತಪ್ರತಿಗಳನ್ನು ಒಯ್ದಿದ್ದೆ. ಏಳೂ ನನ್ನವೇ, ಏಳೂ ಮುಗಿಯದವು. ಅಂಗಡಿಯ ಹೆಸರನ್ನು ಎಲ್ಲಿಯೂ ಬರೆಯಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ಮುಂದೆ ಒಂದೆರಡು ದೂರುಗಳನ್ನೂ ಹೇಳಲಿರುವುದರಿಂದ ನನಗೂ ಅದೇ ಸರಿಯೆನಿಸಿದೆ. ಹುಡುಕುವವರಿಗೆ ಕಷ್ಟವಾಗಲಾರದು. ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ಪ್ರಬಂಧ ಸಲ್ಲಿಸಿದವರನ್ನು ವಿಚಾರಿಸಿದರೆ ಯಾರಾದರೊಬ್ಬರು ಆ ಓಣಿಯ ದಾರಿ ಹೇಳುತ್ತಾರೆ. ಅವರ ಗಿರಾಕಿಗಳಲ್ಲಿ ಹೆಚ್ಚಿನವರು ಪ್ರಬಂಧ ಕಟ್ಟಿಸುವ ವಿದ್ಯಾರ್ಥಿಗಳು, ಉಳಿದವರು ವಕೀಲರು. ಹೈಕೋರ್ಟಿನ ಪೀಠ 2013ರಲ್ಲಿ ಧಾರವಾಡದಲ್ಲಿ ಕಾಯಂ ಆದ ಮೇಲೆ ಕಡತಗಳ ಕೆಲಸ ಹೆಚ್ಚಿತೆಂದು ಅವರು ಹೇಳುತ್ತಾರೆ. ಕಥೆ ಬರೆದು ಅರ್ಧಕ್ಕೆ ಬಿಟ್ಟವರು ಅಷ್ಟಾಗಿ ಅಲ್ಲಿಗೆ ಹೋಗುವುದಿಲ್ಲ. ಹೋಗಬೇಕೆಂಬುದು ನನ್ನ ಅಭಿಪ್ರಾಯ, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯ ರೈಲ್ವೆ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವವಳು. ಇಪ್ಪತ್ತಾರು ವರ್ಷಗಳಿಂದ ಸಂಜೆಯ ಹೊತ್ತು ಬರೆಯುತ್ತ ಬಂದಿದ್ದೇನೆ. ಅಚ್ಚಾದದ್ದು ನಾಲ್ಕು ಕಥೆ, ಒಂದಿಷ್ಟು ಕವಿತೆ. ಅಚ್ಚಾಗದೆ, ಮುಗಿಯದೆ ಉಳಿದದ್ದು ಒಂದು ಟ್ರಂಕಿನಷ್ಟು. ಕೇಶ್ವಾಪುರದ ಮನೆಯನ್ನು ಬಿಟ್ಟು ಚಿಕ್ಕ ಮನೆಗೆ ಹೋಗಬೇಕಾಗಿ ಬಂದಾಗ ಆ ಟ್ರಂಕನ್ನು ತೆಗೆದು ನೋಡಿದರೆ ಅಡಿಯ ಹಾಳೆಗಳಿಗೆ ಒರಲೆ ಹತ್ತುವ ಲಕ್ಷಣ ಕಾಣುತ್ತಿತ್ತು, ಪಿನ್ನು ಹೊಡೆದಲ್ಲೆಲ್ಲ ತುಕ್ಕಿನ ಕಂದು ಕಲೆ ಮೂಡಿತ್ತು, ಶಾಯಿಯಲ್ಲಿ ಬರೆದ ಪುಟಗಳು ತೇವಕ್ಕೆ ಹರಡಿಕೊಂಡಿದ್ದವು. ರದ್ದಿಯವನು ತಕ್ಕಡಿಗೆ ಹಾಕಿ ಆರು ಕಿಲೋ ನಾನೂರು ಗ್ರಾಂ ಎಂದ. ಕಿಲೋಕ್ಕೆ ಹನ್ನೆರಡರಂತೆ ಎಪ್ಪತ್ತೇಳು ರೂಪಾಯಿ ಆಗುತ್ತಿತ್ತು. ಲೆಕ್ಕದ ಕೆಲಸ ಮಾಡುವವಳಾದ್ದರಿಂದ ಆ ಅಂಕಿ ನನ್ನ ತಲೆಯಿಂದ ಹೋಗಲಿಲ್ಲ.

ಮೊದಲು ಎಲ್ಲರಂತೆ ನಾನೂ ಡಿ.ಟಿ.ಪಿ. ಮಾಡಿಸಲು ನೋಡಿದೆ. ಎರಡು ಕಾರಣಕ್ಕೆ ಅದನ್ನು ಬಿಟ್ಟೆ. ನಾನು ಹೋದ ಕಡೆ ಇನ್ನೂ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿಯೇ ಕೀಲಿಸುತ್ತಿದ್ದರು. ಅದನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವೊತ್ತುಗಳೂ ಒತ್ತಕ್ಷರಗಳೂ ಅಲ್ಲಲ್ಲಿ ಕೆಟ್ಟು, ಮೂವತ್ತು ಪುಟ ತಿದ್ದುವುದಕ್ಕೆ ಒಂದು ವಾರ ಹಿಡಿಯಿತು. ಎರಡನೆಯದು ಇನ್ನೂ ಮುಖ್ಯವಾದದ್ದು. ಅಚ್ಚಿನ ಅಕ್ಷರದಲ್ಲಿ ಕಂಡೊಡನೆ ಅರೆಬರೆ ಅಧ್ಯಾಯವೂ ಮುಗಿದಂತೆ ತೋರುತ್ತದೆ. ಹೊಡೆದುಹಾಕಿದ ಸಾಲು, ಅಂಚಿನ ಪ್ರಶ್ನೆ, ಬಾಣ ಎಳೆದು ಮೇಲಕ್ಕೆ ಸರಿಸಿದ ಪರಿಚ್ಛೇದ ಯಾವುದೂ ಉಳಿಯುವುದಿಲ್ಲ. ಬರಹ ಎಲ್ಲಿ ಮತ್ತು ಯಾಕೆ ನಿಂತಿತೆಂಬುದು ಆ ಹೊಡೆದುಹಾಕಿದ ಸಾಲುಗಳಲ್ಲಿಯೇ ಇರುವುದರಿಂದ, ಮೂಲ ಹಾಳೆಗಳನ್ನೇ ಕಟ್ಟಿಸಿಡುವುದು ಲೇಸೆಂದುಕೊಂಡು ಒಂದು ಶನಿವಾರ ಎರಡು ಚೀಲ ಹಿಡಿದು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಕೂಡಲು ಜಾಗವಿಲ್ಲ. ಒಂದು ಕಡೆ ಕೈಚಕ್ರದ ಕಟಿಂಗ್ ಮಷಿನ್ ಇದೆ. ಮುದ್ರಣ ಕಾಶಿ ಎನಿಸಿಕೊಂಡ ಗದಗಿನಲ್ಲಿ ಮುಚ್ಚಿದ ಪ್ರೆಸ್ಸೊಂದರಿಂದ ಅದನ್ನು ಕೊಂಡು ತಂದರಂತೆ. ಇನ್ನೊಂದು ಕಡೆ ರಟ್ಟಿನ ರಾಶಿ, ನಡುವೆ ನೆಲದ ಮೇಲೆ ಚಾಪೆ. ಕಾಕಾ ಅವರು (ನಾನು ಹಾಗೆಯೇ ಕರೆದೆ, ಅವರೂ ಬೇಡವೆನ್ನಲಿಲ್ಲ) ಮೊದಲ ಕಟ್ಟನ್ನು ಬಿಚ್ಚಿ, ಹೆಬ್ಬೆರಳಿನಿಂದ ಅಂಚು ಸವರಿ, ಹಾಳೆಗಳನ್ನು ಚಾಪೆಗೆ ಕುಟ್ಟಿ ಸಮ ಮಾಡಿ, ಬೆಲೆಯ ಮಾತಿಗೂ ಮೊದಲು ಕೇಳಿದ್ದು ಇಷ್ಟು: “ಅಕ್ಕಾರ, ಇದಕ್ಕ ಇನ್ನ ಹಾಳಿ ಬರೂವು ಅದಾವೇನ್ರಿ, ಇಲ್ಲಾ ಇಷ್ಟಕ್ಕ ಆತ್ರಿ? ಕಡೀಕ ಎಷ್ಟು ಕೋರಾ ಹಾಳಿ ಹಾಕ್ಲಿ?”

ಕೊನೆಗೆ ಎಷ್ಟು ಖಾಲಿ ಹಾಳೆ ಸೇರಿಸಲಿ ಎಂಬುದು ಅವರು ಎಲ್ಲರಿಗೂ ಕೇಳುವ ಪ್ರಶ್ನೆ, ವಕೀಲರಿಗೂ ಕೇಳುತ್ತಾರೆ. ಅದರ ಹಿಂದೆ ಕಸುಬಿನ ಕಾರಣವಿದೆ. ಮಡಿಸಿದ ಹಾಳೆಗಳ ನೋಟುಬುಕ್ಕಾದರೆ ಮಡಿಕೆಯ ಬೆನ್ನಿನಲ್ಲಿ ದಾರ ತೂರಿಸಿ ಹೊಲಿಯಬಹುದು. ಅಂಥ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಎಷ್ಟು ವರ್ಷವಾದರೂ ಹಾಳೆ ಉದುರುವುದಿಲ್ಲ. ಬಿಡಿ ಹಾಳೆಗಳಿಗೆ ಮಡಿಕೆಯೇ ಇಲ್ಲದ್ದರಿಂದ ಎಡ ಅಂಚಿನಲ್ಲಿ ರಂಧ್ರ ಕೊರೆದು ಪಕ್ಕದಿಂದ ಹೊಲಿಯಬೇಕಾಗುತ್ತದೆ. ಅದು ಗಟ್ಟಿ, ಆದರೆ ಎಡಗಡೆಯ ಅರ್ಧ ಇಂಚನ್ನು ನುಂಗುತ್ತದೆ ಮತ್ತು ಒಮ್ಮೆ ಹೊಲಿದ ಮೇಲೆ ನಡುವೆ ಒಂದು ಹಾಳೆ ಸೇರಿಸಬೇಕೆಂದರೂ ಎಲ್ಲವನ್ನೂ ಬಿಚ್ಚಬೇಕು. ಮೂರನೆಯದು ಲೇಸು ಕಟ್ಟು: ಎರಡು ಬಿಡಿ ರಟ್ಟು, ಮೂರು ತೂತು, ಒಂದು ಗಟ್ಟಿ ಲೇಸು. ನೋಡಲು ಕಚೇರಿಯ ಕಡತದಂತೆಯೇ ಇರುತ್ತದೆ, ಚೆಂದವಿಲ್ಲ. ಆದರೆ ಯಾವಾಗ ಬೇಕಾದರೂ ಬಿಚ್ಚಿ ಹಾಳೆ ಸೇರಿಸಬಹುದು, ತೆಗೆಯಬಹುದು. ಬೆನ್ನಿಗೆ ಬರೀ ಅಂಟು ಹಚ್ಚಿ ಕೂಡಿಸುವ ನಾಲ್ಕನೆಯ ಬಗೆಯನ್ನು ಕಾಕಾ ಮಾಡುವುದಿಲ್ಲ, ಮಾಡೆಂದವರಿಗೆ ಬೇರೆ ಅಂಗಡಿ ತೋರಿಸುತ್ತಾರೆ. ಹೀಗಾಗಿ ಮುಗಿಯದ ಬರಹವನ್ನು ಅವರ ಚಾಪೆಯ ಮೇಲೆ ಇಟ್ಟವರು, ಇದನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆಯೋ ಅಥವಾ ಪೂರ್ತಿ ಕೈಬಿಟ್ಟಿದ್ದೇನೆಯೋ ಎಂಬುದನ್ನು ಅಲ್ಲಿಯೇ ಹೇಳಬೇಕಾಗುತ್ತದೆ. ಕೈಬಿಟ್ಟದ್ದಕ್ಕೆ ಹೊಲಿಗೆ, ಬದಿಗಿಟ್ಟದ್ದಕ್ಕೆ ಲೇಸು, ನೋಟುಬುಕ್ಕಾದರೆ ಕೊನೆಗೆ ಹದಿನಾರು ಪುಟದ ಇಷ್ಟು ಫಾರಂ ಖಾಲಿ ಹಾಳೆ. ಇಪ್ಪತ್ತಾರು ವರ್ಷ ನಾನು ತಪ್ಪಿಸಿಕೊಂಡು ಬಂದ ಪ್ರಶ್ನೆಯನ್ನು ಅವರು ದರಪಟ್ಟಿಯ ಭಾಗವಾಗಿ ಕೇಳಿದ್ದರು. ನನಗೆ ಉತ್ತರ ಹೊಳೆಯಲಿಲ್ಲ. ಹದಿನೈದು ನಿಮಿಷ ಹೊರಗೆ ಕಟ್ಟೆಯ ಮೇಲೆ ಕುಳಿತು, ಚಹಾ ತರಿಸಿಕೊಂಡು, ಒಂದೊಂದೇ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದೆ.

ಮೊದಲನೆಯದು ಪತ್ತೇದಾರಿ ಕಾದಂಬರಿ. 2009ರಲ್ಲಿ ಆರಂಭಿಸಿದ್ದೆ, 148 ಪುಟ ಆಗಿತ್ತು. ಹುಬ್ಬಳ್ಳಿ ನಿಲ್ದಾಣದ ಪಾರ್ಸೆಲ್ ಗುಮಾಸ್ತನೊಬ್ಬ ರಾತ್ರಿ ಪಾಳಿಯಲ್ಲಿ ಪ್ಲಾಟ್‌ಫಾರ್ಮಿನ ಒಂದು ತುದಿಯಲ್ಲಿ ಸಹಿ ಹಾಕಿ, ಇನ್ನೊಂದು ತುದಿಗೆ ಹೋಗಿ ಮಾಡಬಾರದ್ದನ್ನು ಮಾಡಿ, ಇಪ್ಪತ್ತು ನಿಮಿಷದೊಳಗೆ ಹಿಂತಿರುಗಿ ಮತ್ತೆ ಸಹಿ ಹಾಕುತ್ತಾನೆ. ಕಥೆಯ ಗಂಟೆಲ್ಲ ಆ ಇಪ್ಪತ್ತು ನಿಮಿಷದಲ್ಲಿತ್ತು. ಕೈಗಡಿಯಾರ ನೋಡಿಕೊಳ್ಳುತ್ತ ನಾನೇ ಮೂರು ರಾತ್ರಿ ಆ ಪ್ಲಾಟ್‌ಫಾರ್ಮನ್ನು ನಡೆದು ಅಳೆದಿದ್ದೆ. ಆಮೇಲೆ ನಿಲ್ದಾಣದ ಪುನರ್‌ನಿರ್ಮಾಣ ನಡೆಯಿತು. 2023ರ ಮಾರ್ಚ್ 12ರಂದು, ಈಗ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಹೊತ್ತ ಅದೇ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರುಗಳೊಂದಿಗೆ ಜಗತ್ತಿನಲ್ಲೇ ಅತಿ ಉದ್ದದ್ದೆಂದು ಉದ್ಘಾಟನೆಯಾಯಿತು. ಅಲ್ಲಿಯವರೆಗೆ ಆ ಹೆಗ್ಗಳಿಕೆ 1,366 ಮೀಟರಿನ ಗೋರಖಪುರದ್ದಾಗಿತ್ತು. ಊರಿಗೆಲ್ಲ ಸಂಭ್ರಮ, ನನ್ನ ಕೊಲೆಗಾರನಿಗೆ ಸಂಕಟ. ಹೋಗಿ ಬರುವುದಕ್ಕೆ ಮೂರು ಕಿಲೋಮೀಟರು, ಗಂಟೆಗೆ ಐದು ಕಿಲೋಮೀಟರಿನ ನಡಿಗೆಯಲ್ಲಿ ಮೂವತ್ತಾರು ನಿಮಿಷ. ಪಾಪ, ಐವತ್ತು ದಾಟಿದ ಗುಮಾಸ್ತ ಅವನು, ಓಡುವುದಾದರೂ ಎಷ್ಟು ಓಡಿಯಾನು?

ಅಂದಿನಿಂದ ಕೇಳಿದವರಿಗೆಲ್ಲ, ಪ್ಲಾಟ್‌ಫಾರ್ಮ್ ಉದ್ದವಾದ್ದರಿಂದ ಕಾದಂಬರಿ ನಿಂತಿತು ಎಂದು ಹೇಳಿಕೊಂಡು ನಗಿಸುತ್ತ ಬಂದಿದ್ದೆ. ಕಟ್ಟೆಯ ಮೇಲೆ ಕುಳಿತು ಹಾಳೆಗಳ ಮೇಲಿನ ದಿನಾಂಕ ನೋಡಿದರೆ ಕೊನೆಯ ಪುಟ ಬರೆದದ್ದು 2012ರಲ್ಲಿ. ಪ್ಲಾಟ್‌ಫಾರ್ಮ್ ಉದ್ದವಾಗುವುದಕ್ಕೆ ಹನ್ನೊಂದು ವರ್ಷ ಮೊದಲೇ ನಾನು ನಿಲ್ಲಿಸಿದ್ದೆ. ಕಥೆಯನ್ನು 2009ರಲ್ಲಿಯೇ ಇರಿಸಿದರೆ ಹಳೆಯ ಅಳತೆಗೆ ಯಾವ ಬಾಧೆಯೂ ಇರಲಿಲ್ಲವಲ್ಲ! ನಿಜವಾದ ಸಂಗತಿಯೆಂದರೆ, ಕೊಂದವರು ಯಾರು, ಹೇಗೆ ಎಂಬುದು ಮೊದಲ ದಿನವೇ ನನಗೆ ಗೊತ್ತಿದ್ದರಿಂದ ಬರೆಯುವುದರಲ್ಲಿ ನನಗೆ ತಿಳಿದುಕೊಳ್ಳಬೇಕಾದದ್ದು ಏನೂ ಉಳಿದಿರಲಿಲ್ಲ. ಒಳಗೆ ಹೋಗಿ “ಇದಕ್ಕ ಹೊಲಿಗಿ ಹಾಕ್ರಿ ಕಾಕಾ, ಕೋರಾ ಹಾಳಿ ಬ್ಯಾಡ” ಎಂದೆ. ಅವರು ಚೀಟಿಯ ಮೇಲೆ ಒಂದು ಸೊನ್ನೆ ಬರೆದು ಕಟ್ಟಿಗೆ ಸಿಕ್ಕಿಸಿದರು. ಯಾಕೆಂದು ಕೇಳಲಿಲ್ಲ.

ಎರಡನೆಯದು ಬೆಟಗೇರಿಯ ನೇಕಾರರ ಮನೆಯೊಂದರ ಕಾದಂಬರಿ, 212 ಪುಟ, ಅದರಲ್ಲಿಯೇ ಮೂರು ಸಲ ತಿದ್ದಿ ಬರೆದ ಮೊದಲ ಅಧ್ಯಾಯಗಳು ಬೇರೆ. ಗದಗಿಗೆ ಹೊಂದಿಕೊಂಡ ಬೆಟಗೇರಿ ನನ್ನ ತಾಯಿಯ ತವರು. ಕಥೆಯ ನಾಯಕಿ ಅಲ್ಲಿಯ ನನ್ನ ಚಿಗವ್ವನೇ. ಗಂಡ ತೀರಿಕೊಂಡ ಮೇಲೆ ಕುಣಿಮಗ್ಗದಲ್ಲಿ ತಾನೇ ಕುಳಿತು ಲಾಳಿ ಎಸೆದು ಮೂವರು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದಾಕೆ. 2016ರ ದೀಪಾವಳಿಗೆ ಹೋದಾಗ ಅಕ್ಷರ ಬಾರದ ಆಕೆಗೆ ನಾಲ್ಕು ಅಧ್ಯಾಯಗಳನ್ನು ಓದಿ ಹೇಳಿದೆ. ಎಲೆ ಅಡಿಕೆ ಹಾಕಿಕೊಂಡು ಪೂರ್ತಿ ಕೇಳಿದಳು. ಆಮೇಲೆ, “ಇದರಾಗ ನಾ ಭಾಳ ಅಳತೀನಲ್ಲವ್ವಾ. ನಾ ಅಷ್ಟೆಲ್ಲಾ ಅತ್ತಾಕಿ ಅಲ್ಲ. ಅಳಾಕ ಹೊತ್ತರ ಎಲ್ಲಿತ್ತು?” ಎಂದಳು. ಸಿಟ್ಟಿನಿಂದ ಹೇಳಿದ ಮಾತಲ್ಲ, ಆದರೆ ಅಂದೇ ಬರವಣಿಗೆ ನಿಂತಿತು. ಏನು ತಪ್ಪಾಗಿದೆಯೆಂದು ಆಕೆ ಹೇಳಿದ ಮೇಲೆ ಹೇಗೆ ಸರಿಪಡಿಸಬೇಕೆಂಬುದು ನನಗೆ ಹೊಳೆಯದೆ ಹೋಯಿತು. ಅಳು ತೆಗೆದರೆ ಆ ಜಾಗದಲ್ಲಿ ಏನಿಡಬೇಕು, ದಿನಕ್ಕೆ ಎಷ್ಟು ಮೊಳ ನೇಯ್ದಳೆಂಬ ಲೆಕ್ಕವನ್ನೇ?

ಅದೇ ಸಲ ಗದಗಿನ ವೀರನಾರಾಯಣ ಗುಡಿಗೂ ಹೋಗಿದ್ದೆ. ಕುಮಾರವ್ಯಾಸ ಕುಳಿತು ಭಾರತ ಬರೆದನೆಂದು ಜನ ನಂಬುವ ಕಂಬವನ್ನು ನೋಡದೆ ಬರುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆದೆನೆಂದು ಹೇಳಿಕೊಂಡ ಆ ಕವಿಯ ಮುಂದೆ, ಮೊದಲ ಅಧ್ಯಾಯವನ್ನೇ ಮೂರು ಸಲ ಹೊಡೆದುಹಾಕಿದ ನನಗೆ ನಿಲ್ಲಲೂ ಸಂಕೋಚವಾಗುತ್ತಿತ್ತು. ಆದರೆ ಆತನ ಭಾರತವೂ ಹದಿನೆಂಟರಲ್ಲಿ ಹತ್ತು ಪರ್ವಕ್ಕೆ, ಗದಾಪರ್ವಕ್ಕೆ ನಿಲ್ಲುತ್ತದೆ. ಉಳಿದ ಎಂಟು ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಗದಗಿನವರು ಯಾರೂ ಅದನ್ನು ಅರ್ಧ ಭಾರತ ಎಂದು ಕರೆದದ್ದನ್ನು ನಾನು ಕೇಳಿಲ್ಲ; ಓದಿಸುವಲ್ಲಿ, ವಾಚಿಸುವಲ್ಲಿ ಹತ್ತು ಪರ್ವಕ್ಕೇ ಮನಸ್ಸು ತುಂಬುತ್ತದೆ. ಇದನ್ನು ಕಾಕಾ ಅವರಿಗೆ ಹೇಳಿದಾಗ, ದಾರಕ್ಕೆ ಮೇಣ ಸವರುತ್ತಿದ್ದವರು ಕತ್ತೆತ್ತದೆ, “ಹಂಗಾರ ಅವರಿಗೂ ಲೇಸು ಹಾಕಬೇಕಾಗಿತ್ರಿ” ಎಂದರು. ಬೆಟಗೇರಿಯ ಕಾದಂಬರಿಗೆ ಲೇಸು ಹಾಕಿಸಿದೆ. ಚಿಗವ್ವನಿಗೆ ಈಗ ಎಪ್ಪತ್ತೆಂಟು. ಅಳುವ ಪುಟಗಳನ್ನು ಒಂದೊಂದಾಗಿ ತೆಗೆಯುವುದಕ್ಕೆ ಲೇಸು ಕಟ್ಟು ಅನುಕೂಲವಾಗಿದೆ; ಇಲ್ಲಿಯವರೆಗೆ ಹದಿನಾಲ್ಕು ಹಾಳೆ ತೆಗೆದಿದ್ದೇನೆ, ಸೇರಿಸಿದ್ದು ಐದು.

ಉಳಿದವುಗಳ ಮಾತನ್ನು ಬೇಗ ಮುಗಿಸುತ್ತೇನೆ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯ ನಾಟಕಗಳನ್ನು ಕೇಳಿಯೇ ಬೆಳೆದ ನಾನು ಅರ್ಧ ಗಂಟೆಯ ರೇಡಿಯೋ ನಾಟಕವೊಂದನ್ನು ಹತ್ತೊಂಬತ್ತು ನಿಮಿಷದಷ್ಟು ಬರೆದಿದ್ದೆ. ಅದರಲ್ಲಿ ಮಳೆಯ ಸಪ್ಪಳ ಬಿಟ್ಟರೆ ಮತ್ತೇನೂ ಇರಲಿಲ್ಲ, ಸೊನ್ನೆ. ಮಗ ಚಿಕ್ಕವನಿದ್ದಾಗ ಅವನಿಗೆಂದು ಬರೆದ ಮಕ್ಕಳ ಕಥೆಗಳು ಏಳಕ್ಕೆ ನಿಂತಿದ್ದವು. ಕೇಳುವವನು ಎಂಜಿನಿಯರಿಂಗ್ ಓದಲು ಹೋದ, ಅದಕ್ಕೂ ಸೊನ್ನೆ. ಇವೆರಡೂ ತೆಳುವಾದ್ದರಿಂದ ಒಂದೇ ರಟ್ಟಿನೊಳಗೆ ಕೂಡಿಸಿ ಕಟ್ಟಬಹುದೆಂದೂ ಅದರಿಂದ ನೂರೈವತ್ತು ರೂಪಾಯಿ ಉಳಿಯುವುದೆಂದೂ ಕಾಕಾ ಅವರೇ ಸೂಚಿಸಿದರು. ಗಿರಾಕಿಗೆ ಖರ್ಚು ಕಡಿಮೆ ಮಾಡುವ ದಾರಿ ಹೇಳುವ ಅಂಗಡಿಯವರನ್ನು ನಾನು ಹೆಚ್ಚು ಕಂಡಿಲ್ಲ. ಐದನೆಯದು ಗದಗ ಜಿಲ್ಲೆಯ ಕಪ್ಪತಗುಡ್ಡದ ತಿರುಗಾಟದ ಟಿಪ್ಪಣಿಗಳ ಮೂರು ನೋಟುಬುಕ್ಕು. ಆ ಗುಡ್ಡ 2019ರಲ್ಲಿ ವನ್ಯಜೀವಿಧಾಮವಾಗುವುದಕ್ಕೆ ಮೊದಲಿನ ಮತ್ತು ಆಮೇಲಿನ ನಡಿಗೆಗಳೆರಡೂ ಅದರಲ್ಲಿವೆ. ಇದನ್ನು ಕೈಬಿಟ್ಟೆನೆಂದು ನಾನು ಎಂದೂ ಅಂದುಕೊಂಡಿರಲಿಲ್ಲ, ವರ್ಷಕ್ಕೊಮ್ಮೆ ನಾಲ್ಕು ಪುಟ ಸೇರುತ್ತಲೇ ಇರುತ್ತದೆ. ಮೂರನ್ನೂ ಕೂಡಿಸಿ ಹೊಲಿಸಿ, ಕೊನೆಗೆ ನಾಲ್ಕು ಫಾರಂ ಕೋರಾ ಹಾಳೆ ಹಾಕಿಸಿದೆ. ಆರನೆಯದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬರೆದ ಪ್ರೇಮಕಥೆ. ಕಟ್ಟೆಯ ಮೇಲೆಯೇ ಎರಡು ಪುಟ ಓದಿ, ಯಾರಾದರೂ ನೋಡಿದರೇ ಎಂದು ಅತ್ತಿತ್ತ ನೋಡಿ, ಚೀಲದ ತಳಕ್ಕೆ ಹಾಕಿಕೊಂಡೆ. ಅದು ರದ್ದಿಗೇ ಹೋಯಿತು. ಹಾಗೆ ಹೋದದ್ದರ ಬಗ್ಗೆ ಯಾವ ಬೇಸರವೂ ಇಲ್ಲ.

ಕೆಲಸದ ಗುಣಮಟ್ಟದ ಬಗ್ಗೆ ಹೇಳುವುದಾದರೆ, ಹೊಲಿಗೆಗೆ ನೂರಕ್ಕೆ ನೂರು ಕೊಡುತ್ತೇನೆ. ಮೇಣ ಸವರಿದ ದಾರ, ಒಂದೇ ಬಿಗಿ, ಎಲ್ಲಿಯೂ ಹಾಳೆ ಜಗ್ಗಿಲ್ಲ. ರಟ್ಟಿನ ಮೇಲೆ ಕಂದು ಬಣ್ಣದ ಕ್ಯಾಲಿಕೊ ಬಟ್ಟೆ, ಮೂಲೆಗಳಿಗೆ ಎರಡು ಪದರ. ಅಂಟನ್ನು ಈಗಲೂ ಮೈದಾ ಹಿಟ್ಟು ಕುದಿಸಿಯೇ ಮಾಡುತ್ತಾರೆ, ಹುಳ ಹತ್ತದಿರಲೆಂದು ಅದಕ್ಕೆ ಮೈಲುತುತ್ತ ಕೂಡಿಸುತ್ತಾರೆ. ಮೊದಲ ಹದಿನೈದು ದಿನ ಪುಸ್ತಕಕ್ಕೆ ಒಂದು ಹುಳಿ ವಾಸನೆ ಇರುತ್ತದೆ, ಬಿಸಿಲಿಗೆ ಅಲ್ಲ, ಗಾಳಿಗೆ ಇಟ್ಟರೆ ಹೋಗುತ್ತದೆ. ತುಕ್ಕು ಹಿಡಿದ ಪಿನ್ನುಗಳನ್ನೆಲ್ಲ ಹೇಳದೆಯೇ ಕಿತ್ತು, ಹರಿದಲ್ಲಿ ತೆಳು ಕಾಗದದ ಪಟ್ಟಿ ಅಂಟಿಸಿದ್ದರು, ಅದಕ್ಕೆ ಬೇರೆ ಹಣ ತೆಗೆದುಕೊಳ್ಳಲಿಲ್ಲ.

ಬೆನ್ನಿನ ಮೇಲೆ ಬಂಗಾರದ ಬಣ್ಣದ ಅಕ್ಷರ ಒತ್ತಿಸುವುದು ಬೇಕಾದವರಿಗೆ ಮಾತ್ರ. ಅಚ್ಚಿನ ಮೊಳೆಗಳು ಹಳೆಯವು, ಕೆಲವು ಒತ್ತಕ್ಷರಗಳು ಕಳೆದುಹೋಗಿವೆ. ಪತ್ತೇದಾರಿಗೆ ನಾನಿಟ್ಟ ಹೆಸರು ‘ರಾತ್ರಿ ಪಾಳಿ’. ‘ತ್ರಿ’ ಇಲ್ಲವೆಂದು ಅವರು ಹತ್ತು ನಿಮಿಷ ಡಬ್ಬಿ ಹುಡುಕಿ, ಕೊನೆಗೆ ತುಸು ನಾಚಿಕೊಂಡು, ‘ಇರುಳ ಪಾಳಿ’ ಎಂದರೆ ನಡೆಯುತ್ತದೆಯೇ ಎಂದು ಕೇಳಿದರು. ಹದಿನೈದು ವರ್ಷ ನನಗೆ ಹೊಳೆಯದ ಹೆಸರು ಅದು, ಮೊದಲಿನದಕ್ಕಿಂತ ಮೇಲು. ಆದರೂ ಶೀರ್ಷಿಕೆಯಲ್ಲಿ ಒತ್ತಕ್ಷರ ಹೆಚ್ಚಿರುವವರು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು, ಎಲ್ಲರ ಅದೃಷ್ಟವೂ ಹೀಗೆಯೇ ಇರಲಾರದು.

ಇನ್ನು ದೂರುಗಳು. ಮೊದಲನೆಯದು ನಿಜಕ್ಕೂ ನೋವಿನದು. ಹೊಲಿದ ಪುಸ್ತಕದ ಮೂರು ಅಂಚುಗಳನ್ನು ಕಟಿಂಗ್ ಮಷಿನ್ನಿನಲ್ಲಿ ಸಮ ಮಾಡುವುದು ಕಸುಬಿನ ರೂಢಿ, ನಾಲ್ಕೈದು ಮಿಲಿಮೀಟರು ಹೋಗುತ್ತದೆ. ಪಿಎಚ್.ಡಿ. ಪ್ರಬಂಧಕ್ಕೆ ಅದರಿಂದ ಏನೂ ಆಗುವುದಿಲ್ಲ, ಅಲ್ಲಿ ಅಂಚು ಖಾಲಿಯೇ ಇರುತ್ತದೆ. ಬರೆದು ನಿಲ್ಲಿಸಿದವರ ಹಸ್ತಪ್ರತಿಯಲ್ಲಿ ಮಾತ್ರ ಅಂಚಿನಲ್ಲಿಯೇ ಎಲ್ಲ ಇರುತ್ತದೆ. ಪತ್ತೇದಾರಿಯ ಬಲ ಅಂಚಿನಲ್ಲಿ ಬರೆದ ಗಂಟೆ ನಿಮಿಷಗಳ ಲೆಕ್ಕದಲ್ಲಿ ಕೊನೆಯ ಅಂಕಿ ಹೋಗಿದೆ, 1.10 ಇದ್ದದ್ದು 1.1 ಆಗಿದೆ, ಅದನ್ನು ಕೈಬಿಟ್ಟಿದ್ದರಿಂದ ನಕ್ಕು ಸುಮ್ಮನಾದೆ. ಕಪ್ಪತಗುಡ್ಡದ ನೋಟುಬುಕ್ಕುಗಳಲ್ಲಿ, ಕುರಿ ಕಾಯುವ ಹಿರಿಯರೊಬ್ಬರು ಹೇಳಿದ ಗಿಡಗಳ ಹೆಸರುಗಳನ್ನು ನಾನು ಹೊರ ಅಂಚಿನಲ್ಲಿ ಅಡ್ಡಲಾಗಿ ಬರೆದುಕೊಂಡಿದ್ದೆ. ಹನ್ನೊಂದು ಹೆಸರುಗಳ ಅರ್ಧ ಅಕ್ಷರಗಳು ಚೂರಾಗಿ ಕಸದ ಬುಟ್ಟಿ ಸೇರಿವೆ, ಎಲೆಯ ಎರಡು ಚಿತ್ರಗಳ ತುದಿ ಹೋಗಿದೆ. ಆ ಹಿರಿಯರು ಈಗಿಲ್ಲ. ಕೆಲವನ್ನು ಉಳಿದ ಅಕ್ಷರದ ಆಧಾರದಿಂದ ಊಹಿಸಿದ್ದೇನೆ, ನಾಲ್ಕು ಹೆಸರು ಕಳೆದೇ ಹೋದವು. “ಮದ್ಲ ಹೇಳಬೇಕಿತ್ರಿ ಅಕ್ಕಾರ” ಎಂದು ಅವರು, “ನೋಡಿ ಕತ್ತರಸಬೇಕಿತ್ರಿ ಕಾಕಾ” ಎಂದು ನಾನು, ಇಬ್ಬರೂ ಒಂದೊಂದೇ ಮಾತಾಡಿ ಸುಮ್ಮನಾದೆವು. ಐವತ್ತು ರೂಪಾಯಿ ಕಡಿಮೆ ತೆಗೆದುಕೊಂಡರು, ನಾನು ಬೇಡವೆನ್ನಲಿಲ್ಲ. ಇದೊಂದು ಕಾರಣಕ್ಕೆ ಅಂಗಡಿಗೆ ಐದರಲ್ಲಿ ಐದು ಕೊಡಲಾರೆ.

ಎರಡನೆಯ ದೂರು ಸಮಯದ್ದು. ಎಂಟು ದಿನವೆಂದವರು ಇಪ್ಪತ್ಮೂರು ದಿನಕ್ಕೆ ಕೊಟ್ಟರು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮೈದಾ ಅಂಟು ಒಣಗುವುದಿಲ್ಲವೆಂಬುದು ನಿಜ, ಹಸಿ ಇರುವಾಗ ಒತ್ತಿನಿಂದ ತೆಗೆದರೆ ರಟ್ಟು ಸೊಟ್ಟಾಗುತ್ತದೆಂಬುದೂ ನಿಜ. ಆದರೆ ನಡುವೆ ಪ್ರಬಂಧ ಸಲ್ಲಿಸುವ ಅವಸರದ ವಿದ್ಯಾರ್ಥಿಗಳು ಬಂದಾಗಲೆಲ್ಲ ನನ್ನ ಕಟ್ಟು ಕೆಳಗೆ ಸರಿದದ್ದೂ ನಿಜ. ಮುಗಿಯದ ಬರಹದವರಿಗೆ ಅವಸರವೇನಿರುತ್ತದೆ ಎಂದು ಅವರು ಭಾವಿಸಿದ್ದರೆ ನಾನು ವಾದಿಸುವ ಸ್ಥಿತಿಯಲ್ಲಿಲ್ಲ. ಎರಡು ಹಾಳೆಗಳು ಹಿಂದು ಮುಂದಾಗಿ ಹೊಲಿಯಲ್ಪಟ್ಟಿವೆ. ಅದು ಪುಟಸಂಖ್ಯೆ ಹಾಕದ ನನ್ನ ತಪ್ಪು. ಮುದ್ರಿತ ರಸೀದಿ ಕೊಡುವುದಿಲ್ಲ, ವಹಿಯಲ್ಲಿ ಬರೆದುಕೊಳ್ಳುತ್ತಾರೆ. ಹಣ ಫೋನಿನಿಂದ ಕೊಡಬಹುದು.

ದರ ಹೀಗಾಯಿತು: ಪತ್ತೇದಾರಿಗೆ 260, ಬೆಟಗೇರಿಯ ಲೇಸು ಕಟ್ಟಿಗೆ 180, ನಾಟಕ ಮತ್ತು ಮಕ್ಕಳ ಕಥೆಗಳ ಕೂಡುಕಟ್ಟಿಗೆ 230, ಕಪ್ಪತಗುಡ್ಡಕ್ಕೆ ಕೋರಾ ಹಾಳೆ ಸೇರಿ 310ರಲ್ಲಿ ಐವತ್ತು ಕಳೆದು 260. ಒಟ್ಟು 930 ರೂಪಾಯಿ. ರದ್ದಿಯ ಎಪ್ಪತ್ತೇಳರ ಎದುರು ಇದನ್ನು ಹೇಗೆ ತೋರಿಸಬೇಕೆಂದು ನನ್ನೊಳಗಿನ ಲೆಕ್ಕಿಗಳಿಗೆ ಇನ್ನೂ ಬಗೆಹರಿದಿಲ್ಲ.

ಹೋಗುವವರು ಪ್ರತಿ ಹಾಳೆಗೂ ಪೆನ್ಸಿಲಿನಿಂದ ಪುಟಸಂಖ್ಯೆ ಹಾಕಿಕೊಂಡು ಹೋಗಬೇಕು, ಎಲ್ಲ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಬೇಕು, ಅಂಚು ಕತ್ತರಿಸಬೇಡಿರೆಂದು ಬಾಯಲ್ಲಿ ಹೇಳಿದರೆ ಸಾಲದು, ಕಟ್ಟಿನ ಮೇಲೆ ದೊಡ್ಡದಾಗಿ ಬರೆದಂಟಿಸಬೇಕು. ಸಂಜೆ ನಾಲ್ಕರ ನಂತರ ಹೋದರೆ ಮಾತಿಗೆ ಸಿಗುತ್ತಾರೆ, ರವಿವಾರ ಮುಚ್ಚಿರುತ್ತದೆ. ಮಳೆಗಾಲ ಬಿಟ್ಟು ಹೋಗುವುದು ಲೇಸು.

ಏಳನೆಯ ಕಟ್ಟಿನ ಮಾತು ಉಳಿದಿದೆ. ಅದು ಕವಿತೆಗಳದ್ದು. ಒಂದೊಂದು ಕವಿತೆಯೂ ತನ್ನಷ್ಟಕ್ಕೆ ಮುಗಿದಿದೆ, ಸಂಕಲನ ಮಾತ್ರ ಮುಗಿದಿಲ್ಲ. ನಲವತ್ತೊಂದಕ್ಕೆ ನಿಂತು ಆರು ವರ್ಷವಾಯಿತು. ಹೊಲಿಗೆಯೆಂದರೆ ಇನ್ನು ಬರೆಯುವುದಿಲ್ಲವೆಂದು ಒಪ್ಪಿಕೊಂಡಂತೆ, ಲೇಸೆಂದರೆ ಸುಳ್ಳು ಹೇಳಿದಂತೆ ಅನ್ನಿಸಿ, ಕಾಕಾ ಅವರ ಪ್ರಶ್ನೆಗೆ ಉತ್ತರ ಕೊಡಲಾಗದೆ ಅದನ್ನು ಹಾಗೆಯೇ ಮನೆಗೆ ತಂದೆ. ಅದಕ್ಕೆಂದು ಕೊಟ್ಟ ಮುಂಗಡ ನೂರು ರೂಪಾಯಿ ಮರಳಿ ಕೊಡಲು ಬಂದರು, ನಾನು ಇಟ್ಟುಕೊಳ್ಳಲು ಹೇಳಿದೆ. ಕಳೆದ ತಿಂಗಳು ಬೆಟಗೇರಿಯ ಕಟ್ಟಿಗೆ ಹೊಸ ಲೇಸು ಕೊಳ್ಳಲು ಹೋದಾಗ ಅವರು ವಹಿ ತೆಗೆದು ತೋರಿಸಿದರು. ನನ್ನ ಹೆಸರಿನ ಮುಂದೆ ನೂರು ರೂಪಾಯಿ ಜಮಾ ಇದೆ, ಕೆಲಸದ ಅಂಕಣದಲ್ಲಿ ‘ಹಾಳಿ ಎಣಿಸೂದೈತಿ’ ಎಂದು ಬರೆದಿದೆ.